ದೂರದ ಅಭಿಮಾನವೂ ಹತ್ತಿರದ ಮೈದಾನವೂ

ಮದುವೆಯ ಮನೆಗೆ ತಾವು ಬಾರದೆ ಮುಯ್ಯಿಯನ್ನು ಮಾತ್ರ ಕಳುಹಿಸುವ ನಂಟರುಂಟು. ಕೈಯಲ್ಲಿ ಕಾಸಿಲ್ಲದಿದ್ದರೂ ಮುನ್ನಾದಿನವೇ ಬಂದು ಚಪ್ಪರಕ್ಕೆ ತೋರಣ ಕಟ್ಟಿ, ಎಲೆ ಹಾಕಿ, ಬಂದವರಿಗೆ ನೀರು ಕೊಡುವ ನಂಟರೂ ಉಂಟು. ಇವರಿಬ್ಬರಲ್ಲಿ ಯಾರ ಪ್ರೀತಿ ಹೆಚ್ಚಿನದೆಂದು ಕೇಳಿದರೆ ತಟ್ಟನೆ ಉತ್ತರ ಹೇಳುವುದು ಸುಲಭವಲ್ಲ. ಬಾರದವನಿಗೆ ಬರಲಾಗದ ಕಾರಣವೊಂದು ಇದ್ದೀತು. ಬಂದವನು ಊಟವನ್ನೇ ನೆನೆದು ಬಂದಿದ್ದಾನು. ಆದರೆ ನಂಟರೆಲ್ಲರೂ ಮುಯ್ಯಿಯನ್ನು ಕಳುಹಿಸಿಕೊಟ್ಟು ತಮ್ಮ ತಮ್ಮ ಮನೆಗಳಲ್ಲಿಯೇ ಉಳಿದುಬಿಟ್ಟರೆ ಆ ಚಪ್ಪರದ ಕೆಳಗೆ ಮದುವೆಯೆಂಬುದು ಹೇಗೆ ನಡೆಯಬೇಕು? ಪ್ರೀತಿಯ ತೂಕ ಬೇರೆ, ಬಂದು ನಿಲ್ಲುವುದರ ಪ್ರಯೋಜನ ಬೇರೆ. ಇವೆರಡನ್ನು ಒಂದೆಂದು ಎಣಿಸುವುದರಿಂದಲೇ ಎಷ್ಟೋ ವಾದಗಳು ಬಗೆಹರಿಯದೆ ಉಳಿಯುತ್ತವೆ.

ಈ ವಿಚಾರವನ್ನು ಇಲ್ಲಿ ಕಾಲ್ಚೆಂಡಾಟದ ಕ್ಲಬ್ಬುಗಳಿಗೆ ಅನ್ವಯಿಸಿ ನೋಡಬೇಕೆಂದು ನನ್ನ ಅಪೇಕ್ಷೆ. ಇಂದಿನ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂಗ್ಲೆಂಡಿನ ಲಿವರ್‌ಪೂಲ್, ಮ್ಯಾಂಚೆಸ್ಟರ್ ಯುನೈಟೆಡ್, ಸ್ಪೇನ್ ದೇಶದ ಬಾರ್ಸಿಲೋನಾ ಮೊದಲಾದ ಕ್ಲಬ್ಬುಗಳ ಆಟಗಾರರ ಹೆಸರುಗಳನ್ನು ಮಗ್ಗಿಯ ಹಾಗೆ ಬಾಯಿಪಾಠವಾಗಿ ಹೇಳಬಲ್ಲರು. ಆ ಕ್ಲಬ್ಬುಗಳ ಮೈದಾನವನ್ನು ಅವರು ಕಂಡವರಲ್ಲ. ಆದರೂ ಅವು ಗೆದ್ದ ದಿವಸ ಅವರ ಮುಖ ಅರಳುವುದು, ಸೋತ ರಾತ್ರಿ ಅವರಿಗೆ ಅನ್ನ ಸೇರದು. ಮೈದಾನಕ್ಕೆ ತಪ್ಪದೆ ಹೋಗುವ ಅಭಿಮಾನಿಯು ಇವರನ್ನು ನೋಡಿ, ಬಿಸಿಲು ಮಳೆಗಳಿಗೆ ಮೈಯೊಡ್ಡದ ಅಭಿಮಾನವೂ ಒಂದು ಅಭಿಮಾನವೇ ಎಂದು ನಗುತ್ತಾನೆ. ದೂರದವರಾದರೋ, ಮೈದಾನದ ಪಕ್ಕದಲ್ಲಿ ಮನೆಯುಳ್ಳವನು ಆಟಕ್ಕೆ ಹೋಗುವುದರಲ್ಲಿ ಏನು ಹೆಚ್ಚುಗಾರಿಕೆ, ಏಳು ಸಮುದ್ರದಾಚೆಯಿಂದ ನಿದ್ದೆಗೆಟ್ಟು ನೋಡುವವರ ನಿಷ್ಠೆಯೇ ದೊಡ್ಡದು ಎಂದು ಮರುನುಡಿಯುತ್ತಾರೆ. ಯಾರ ಪ್ರೀತಿ ನಿಜವಾದದ್ದು ಎಂಬ ಈ ಪ್ರಶ್ನೆಗೆ ಕೊನೆಯಿಲ್ಲ. ನಾವು ಕೇಳತಕ್ಕ ಪ್ರಶ್ನೆ ಬೇರೊಂದು: ಆಟವೂ ಕ್ಲಬ್ಬೂ ಯಾತರಿಂದ ಬದುಕುತ್ತವೆ? ಇದಕ್ಕೆ ಉತ್ತರವನ್ನು ಹುಡುಕಿದರೆ, ದೂರದ ಅಭಿಮಾನವು ಸುಳ್ಳಲ್ಲವೆಂದೂ, ಆದರೆ ಅದೊಂದು ಸಾಲವೆಂದೂ, ಆ ಸಾಲವನ್ನು ನಮ್ಮ ಸಮೀಪದ ಮೈದಾನದಲ್ಲಿ ತೀರಿಸತಕ್ಕದ್ದೆಂದೂ ತೋರಿಬರುವುದು.

ಮೊದಲು ಈ ದೂರವೆಂಬುದು ಹೇಗೆ ಹುಟ್ಟಿತೆಂದು ನೋಡೋಣ. ೧೯೧೧ನೆಯ ಇಸವಿ ಜುಲೈ ೨೯ನೆಯ ತಾರೀಖು ಕಲ್ಕತ್ತೆಯ ಮೈದಾನದಲ್ಲಿ ಐ. ಎಫ್. ಎ. ಷೀಲ್ಡಿನ ಅಂತಿಮ ಪಂದ್ಯ ನಡೆಯಿತು. ಮೋಹನ್ ಬಾಗಾನ್ ಕ್ಲಬ್ಬಿನ ಹನ್ನೊಂದು ಮಂದಿಯಲ್ಲಿ ಒಬ್ಬನ ಹೊರತು ಮಿಕ್ಕವರೆಲ್ಲರೂ ಬರಿಗಾಲಿನವರು. ಎದುರಿಗೆ ಬೂಟು ಧರಿಸಿದ ಈಸ್ಟ್ ಯಾರ್ಕ್‌ಷಯರ್ ರೆಜಿಮೆಂಟಿನ ಸೈನಿಕರು. ಆ ದಿವಸ ಜನರನ್ನು ತರುವುದಕ್ಕೆ ವಿಶೇಷ ರೈಲುಗಾಡಿಯೂ ಹೆಚ್ಚಿನ ಉಗಿದೋಣಿಗಳೂ ಓಡಿದವು. ಹತ್ತಾರು ಸಾವಿರ ಜನ ನೆರೆದುದರಿಂದ ಬಂದವರಲ್ಲಿ ಬಹುಮಂದಿಗೆ ಚೆಂಡು ಕಾಣುವ ಸ್ಥಳವೇ ದೊರೆಯಲಿಲ್ಲ. ಆಗ ಕೆಲವರು ಒಂದು ಉಪಾಯವನ್ನು ಮಾಡಿದರು: ಯಾರ ಗೋಲು ಎಷ್ಟೆಂಬುದನ್ನು ಗಾಳಿಪಟಗಳ ಮೂಲಕ ಆಕಾಶಕ್ಕೇರಿಸಿ ದೂರದಲ್ಲಿದ್ದವರಿಗೆ ತಿಳಿಸಿದರು. ಮೋಹನ್ ಬಾಗಾನ್ ಎರಡು ಗೋಲು, ಸೈನಿಕರು ಒಂದು. ಭಾರತೀಯರ ತಂಡವೊಂದು ಆ ಷೀಲ್ಡನ್ನು ಗೆದ್ದದ್ದು ಅದೇ ಪ್ರಥಮ. ಹೀಗೆ ಹತ್ತಿರದವನಿಗೂ ದೂರದವನಿಗೂ ನಡುವೆ ಅಂದು ಇದ್ದದ್ದು ಗಾಳಿಪಟದ ಒಂದು ದಾರದಷ್ಟೇ ಅಂತರ. ಆಟವನ್ನು ಕಾಣದವನೂ ಅದೇ ಬಯಲಿನಲ್ಲಿ, ಅದೇ ಜನರ ನಡುವೆ ನಿಂತಿದ್ದನು.

ಹದಿನಾರು ವರ್ಷಗಳ ತರುವಾಯ, ೧೯೨೭ನೆಯ ಇಸವಿ ಜನವರಿ ೨೨ರಂದು, ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಷೆಫೀಲ್ಡ್ ಯುನೈಟೆಡ್ ತಂಡಗಳು ಆಡಿದ ಪಂದ್ಯವನ್ನು ಬಿ. ಬಿ. ಸಿ. ಸಂಸ್ಥೆಯು ರೇಡಿಯೋದಲ್ಲಿ ವರ್ಣಿಸಿತು. ಕಾಲ್ಚೆಂಡಿನ ಪಂದ್ಯವೊಂದನ್ನು ಆ ಸಂಸ್ಥೆಯು ಹೀಗೆ ಬಿತ್ತರಿಸಿದ್ದು ಅದೇ ಮೊದಲು. ಕೇಳುವವರಿಗೆ ಆಟವು ಯಾವ ಕಡೆಗೆ ಸಾಗುತ್ತಿದೆಯೆಂದು ತಿಳಿಯಲೆಂದು ಮೈದಾನವನ್ನು ಎಂಟು ಚೌಕಗಳಾಗಿ ವಿಂಗಡಿಸಿದ ಒಂದು ಚಿತ್ರವನ್ನು ಆ ಸಂಸ್ಥೆಯ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಒಬ್ಬನು ಆಟವನ್ನು ವರ್ಣಿಸುತ್ತಿರಲು ಇನ್ನೊಬ್ಬನು ಚೌಕದ ಸಂಖ್ಯೆಯನ್ನು ಹೇಳುತ್ತಿದ್ದನು. ಮನೆಯಲ್ಲಿ ಕುಳಿತವರು ಕಾಗದದ ಮೇಲೆ ಬೆರಳನ್ನಿಟ್ಟುಕೊಂಡು ಚೆಂಡಿನ ಹಿಂದೆ ಓಡಿದರು! ಮುಂದೆ ಟೆಲಿವಿಷನ್ನು ಬಂದಿತು, ಆ ಮೇಲೆ ಉಪಗ್ರಹದ ಮೂಲಕ ಪ್ರಸಾರ ಬಂದಿತು, ಈಗ ಅಂಗೈಯಗಲದ ಮೊಬೈಲಿನಲ್ಲಿ ಭೂಮಂಡಲದ ಯಾವ ಮೂಲೆಯ ಆಟವಾದರೂ ಕಾಣಿಸಿಕೊಳ್ಳುತ್ತದೆ. ದೂರವು ಕಡಿಮೆಯಾಯಿತೆಂದು ನಾವು ಹೇಳುತ್ತೇವೆ. ಆದರೆ ಕಡಿಮೆಯಾದದ್ದು ನಮಗೆ ಆಟದಿಂದ ಇರುವ ದೂರವೇ ಹೊರತು ಆಟಗಾರನಿಗೆ ನಮ್ಮಿಂದ ಇರುವ ದೂರವಲ್ಲ. ನಾವು ಅವನನ್ನು ಕಾಣುತ್ತೇವೆ. ಅವನು ನಮ್ಮನ್ನು ಕಾಣನು. ಅವನ ಉಸಿರಾಟವೂ ನಮಗೆ ಕೇಳುವುದು. ನಮ್ಮ ಕೂಗು ಅವನಿಗೆ ಕೇಳದು.

ಹೀಗೆಂದ ಮಾತ್ರಕ್ಕೆ ದೂರದ ಅಭಿಮಾನಿಯನ್ನು ಹಳಿಯುವುದು ನ್ಯಾಯವಲ್ಲ. ಅವನ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಅನೇಕವಿವೆ. ಪ್ರತಿಫಲದ ಆಸೆಯಿಲ್ಲದೆ, ತನ್ನ ಹೆಸರನ್ನೂ ತಿಳಿಯದ ಒಂದು ತಂಡಕ್ಕಾಗಿ ನಡುರಾತ್ರಿಯಲ್ಲಿ ಎಚ್ಚರವಿರುವುದು ಅಲ್ಪ ಸಂಗತಿಯಲ್ಲ. ಯುರೋಪಿನ ದೊಡ್ಡ ಕ್ಲಬ್ಬುಗಳ ಟಿಕೇಟಿನ ಕ್ರಯವು ಆ ಊರಿನ ಕೂಲಿಯವರಿಗೇ ಎಟುಕದ ಸ್ಥಿತಿಗೆ ಬಂದಿರುವಾಗ ನಮ್ಮವರ ಪಾಡೇನು? ಕಾಯಿಲೆಯವರು, ಮುದುಕರು, ಎಳೆಯ ಮಕ್ಕಳ ತಾಯಂದಿರು, ರಾತ್ರಿಯ ಪಾಳಿಯಲ್ಲಿ ದುಡಿಯುವವರು, ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟವರು, ಇವರೆಲ್ಲರಿಗೂ ದೂರದ ನೋಟವೊಂದೇ ಗತಿ. ೨೦೨೩ನೆಯ ಇಸವಿ ಮಾರ್ಚ್ ೪ರಂದು ನಮ್ಮ ಕರ್ನಾಟಕದ ತಂಡವು ಮೇಘಾಲಯವನ್ನು ಮೂರಕ್ಕೆ ಎರಡು ಗೋಲುಗಳಿಂದ ಸೋಲಿಸಿ, ಐವತ್ತನಾಲ್ಕು ವರ್ಷಗಳ ಬಳಿಕ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ಅಂತಿಮ ಪಂದ್ಯ ನಡೆದದ್ದು ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ. ಸ್ವಂತ ನಾಡಿನ ತಂಡವೇ ಆದರೂ ಈ ನಾಡಿನಲ್ಲಿದ್ದವರಿಗೆ ಅಂದು ದೂರದಿಂದ ಹರಸುವುದಲ್ಲದೆ ಬೇರೆ ಮಾರ್ಗವಿತ್ತೇ?

ಇನ್ನು ಕೆಲವರನ್ನು ದೂರದಲ್ಲಿ ಇರಿಸಿದ್ದು ಹಾದಿಯ ಉದ್ದವಲ್ಲ, ಬಾಗಿಲಿನ ಕಾವಲು. ಇರಾನ್ ದೇಶದಲ್ಲಿ ಸುಮಾರು ನಾಲ್ವತ್ತು ವರ್ಷಗಳ ಕಾಲ ಸ್ತ್ರೀಯರಿಗೆ ಪುರುಷರ ಕಾಲ್ಚೆಂಡಾಟದ ಮೈದಾನಗಳಲ್ಲಿ ಪ್ರವೇಶವಿರಲಿಲ್ಲವೆಂದೇ ಹೇಳಬಹುದು. ಪುರುಷವೇಷವನ್ನು ಧರಿಸಿ ತನ್ನ ಕ್ಲಬ್ಬಿನ ಆಟವನ್ನು ನೋಡಹೊರಟು ಬಂಧಿತಳಾದ ಒಬ್ಬ ಯುವತಿಯು ಸೆರೆಮನೆಯ ಶಿಕ್ಷೆಗೆ ಅಂಜಿ ೨೦೧೯ನೆಯ ಇಸವಿಯ ಸೆಪ್ಟೆಂಬರಿನಲ್ಲಿ ತನ್ನ ಪ್ರಾಣವನ್ನೇ ಕಳೆದುಕೊಂಡಳು. ಲೋಕವೆಲ್ಲ ಮರುಗಿತು. ಮರುತಿಂಗಳು ೧೦ನೆಯ ತಾರೀಖು ತೆಹರಾನಿನ ಆಜಾದಿ ಕ್ರೀಡಾಂಗಣದಲ್ಲಿ ಇರಾನಿಗೂ ಕಾಂಬೋಡಿಯಾಕ್ಕೂ ಪಂದ್ಯ ನಡೆದಾಗ ಕೆಲವು ಸಾವಿರ ಸ್ತ್ರೀಯರು ಟಿಕೇಟು ಕೊಂಡು ಒಳಗೆ ಹೋದರು. ಅವರಿಗೆ ಪ್ರತ್ಯೇಕವಾದ ಒಂದು ಭಾಗವನ್ನು ಬೇಲಿ ಹಾಕಿ ಕೊಟ್ಟಿದ್ದರು. ಇರಾನ್ ಹದಿನಾಲ್ಕು ಗೋಲು ಹೊಡೆದು ಗೆದ್ದಿತು. ಆ ಸ್ತ್ರೀಯರ ಮನೆಗಳಲ್ಲಿ ಟೆಲಿವಿಷನ್ನು ಇರಲಿಲ್ಲವೇ? ಇದ್ದೇ ಇತ್ತು. ಆಟವು ಮನೆಯಲ್ಲಿ ಇನ್ನೂ ಚೆನ್ನಾಗಿ, ಇನ್ನೂ ಸಮೀಪದಲ್ಲಿ ಕಾಣುತ್ತಿತ್ತು. ಹಾಗಿದ್ದರೂ ಅವರು ಬೇಲಿಯೊಳಗಿನ ಆ ಸ್ಥಳವನ್ನು ಬಯಸಿದರು. ನೋಡುವುದೊಂದು, ಇರುವುದೊಂದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ತೋರಿಸಿಕೊಡಲಾರರು.

ಬಂದು ಇರುವುದರಿಂದ ಆಟಕ್ಕೆ ಆಗುವ ಉಪಕಾರವೇನು? ಇದರ ಪರೀಕ್ಷೆಯು ಯಾರೂ ಬಯಸದ ರೀತಿಯಲ್ಲಿ ೨೦೨೦ನೆಯ ಇಸವಿಯಲ್ಲಿ ನಡೆಯಿತು. ಕೊರೋನಾ ವ್ಯಾಧಿಯ ಭಯದಿಂದ ನಿಂತುಹೋಗಿದ್ದ ಜರ್ಮನಿಯ ಪ್ರಮುಖ ಪಂದ್ಯಾವಳಿಯು ಮೇ ೧೬ರಂದು ಪ್ರೇಕ್ಷಕರಿಲ್ಲದ ಮೈದಾನಗಳಲ್ಲಿ ಪುನಃ ಪ್ರಾರಂಭವಾಯಿತು. ಜೂನ್ ತಿಂಗಳಲ್ಲಿ ಇಂಗ್ಲೆಂಡಿನಲ್ಲಿಯೂ ಹಾಗೆಯೇ ಆಯಿತು. ಆಟಗಾರರು ಅವರೇ, ನಿಯಮಗಳೂ ಬಹುಮಟ್ಟಿಗೆ ಅವೇ. ಇಲ್ಲದೆ ಇದ್ದದ್ದು ಜನ ಮಾತ್ರ. ಸ್ವಂತ ಊರಿನಲ್ಲಿ ಆಡುವ ತಂಡಕ್ಕೆ ವಾಡಿಕೆಯಾಗಿ ದೊರೆಯುವ ಅನುಕೂಲವು ಜರ್ಮನಿಯಲ್ಲಿ ಅಂದು ಬಹಳವಾಗಿ ಕುಗ್ಗಿತೆಂದೂ, ಹೊರಗಿನಿಂದ ಬಂದ ತಂಡದವರಿಗೆ ತೀರ್ಪುಗಾರರು ತೋರಿಸುವ ಹಳದಿ ಚೀಟಿಗಳು ಕಡಿಮೆಯಾದವೆಂದೂ ವಿದ್ವಾಂಸರು ಲೆಕ್ಕ ಹಾಕಿ ಕಂಡುಕೊಂಡರು. ಅಂದರೆ ಗ್ಯಾಲರಿಯಲ್ಲಿ ನಿಂತವರ ಕೂಗು ಬರಿಯ ಗದ್ದಲವಲ್ಲ. ಅದು ಆಟಗಾರನ ಕಾಲಿಗೂ ತೀರ್ಪುಗಾರನ ಕೈಗೂ ತಾಗುವ ಒಂದು ಶಕ್ತಿ.

ಇದಕ್ಕಿಂತಲೂ ಮನಸ್ಸಿಗೆ ನಾಟುವ ಇನ್ನೊಂದು ಸಂಗತಿಯುಂಟು. ಬರಿದಾದ ಆ ಮೈದಾನಗಳ ಆಟವನ್ನು ಟೆಲಿವಿಷನ್ನಿನಲ್ಲಿ ತೋರಿಸುವಾಗ, ಮೊದಲೇ ಮುದ್ರಿಸಿಟ್ಟಿದ್ದ ಜನರ ಕೂಗನ್ನು ಅದರೊಂದಿಗೆ ಬೆರೆಸಿ ಕೇಳಿಸತೊಡಗಿದರು. ಯಾಕಂದರೆ ಮನೆಯಲ್ಲಿ ಕುಳಿತವನಿಗೆ ನಿಶ್ಶಬ್ದವಾದ ಆಟವು ರುಚಿಸದು. ದೂರದ ಅಭಿಮಾನಿಯು ತಾನು ಇಪ್ಪತ್ತೆರಡು ಮಂದಿಯ ಆಟವನ್ನು ಮಾತ್ರ ನೋಡುತ್ತೇನೆಂದು ತಿಳಿದಿದ್ದನು. ಆದರೆ ಅವನು ಸವಿಯುತ್ತಿದ್ದದ್ದು ಆ ಇಪ್ಪತ್ತೆರಡು ಮಂದಿಯನ್ನೂ ಅವರ ಸುತ್ತಲೂ ನಿಂತ ಐವತ್ತು ಸಾವಿರ ಜನರನ್ನೂ ಕೂಡಿಸಿ. ಅವರು ಕಾಸು ಕೊಟ್ಟು, ನೂಕುನುಗ್ಗಲನ್ನು ಸಹಿಸಿ, ಗಂಟಲು ಒಣಗುವ ಹಾಗೆ ಕೂಗಿ ಮಾಡಿದ ಅಡಿಗೆಯನ್ನು ಇವನು ಮನೆಯಲ್ಲಿ ಬಡಿಸಿಕೊಂಡು ಉಂಡನು. ನಾನು ಸಾಲವೆಂದದ್ದು ಇದನ್ನೇ.

ಬಂದವರಿಂದ ಆಗುವ ಎರಡನೆಯ ಉಪಕಾರವು ಕಾವಲು. ೨೦೨೧ನೆಯ ಇಸವಿ ಏಪ್ರಿಲ್ ೧೮ರಂದು ಯುರೋಪಿನ ಹನ್ನೆರಡು ಸಿರಿವಂತ ಕ್ಲಬ್ಬುಗಳು ಸೇರಿ, ತಮಗೆ ಎಂದಿಗೂ ಸ್ಥಾನ ತಪ್ಪದಂತಹ ಒಂದು ಪ್ರತ್ಯೇಕ ಪಂದ್ಯಾವಳಿಯನ್ನು ಕಟ್ಟುತ್ತೇವೆಂದು ಪ್ರಕಟಿಸಿದವು. ದೇಶದೇಶಗಳಲ್ಲಿ ಹರಡಿಕೊಂಡಿರುವ ದೂರದ ಪ್ರೇಕ್ಷಕರ ಸಂಖ್ಯೆಯನ್ನು ನಂಬಿಯೇ ಅವರು ಈ ಸಾಹಸಕ್ಕೆ ಕೈಹಾಕಿದರೆನ್ನಬಹುದು. ಆದರೆ ಎರಡೇ ದಿವಸಗಳಲ್ಲಿ ಇಂಗ್ಲೆಂಡಿನ ಆರು ಕ್ಲಬ್ಬುಗಳೂ ಹಿಂದೆಗೆದವು. ಸರಕಾರದ ವಿರೋಧ, ಆಟಗಾರರ ಅಸಮ್ಮತಿ ಮುಂತಾದ ಕಾರಣಗಳೂ ಇದ್ದುವು; ಆದರೂ ಲಂಡನ್ನಿನಲ್ಲಿ ಚೆಲ್ಸೀ ಕ್ಲಬ್ಬಿನ ಮೈದಾನದ ಮುಂದೆ ರಸ್ತೆಯನ್ನು ತುಂಬಿ, ತಮ್ಮದೇ ತಂಡದ ಬಸ್ಸನ್ನು ತಡೆದು ನಿಂತ ಜನರ ನೋಟವನ್ನು ಕಂಡವರಾರೂ ಮರೆಯಲಾರರು. ನಮ್ಮ ದೇಶದಲ್ಲಿಯೂ ೨೦೨೦ನೆಯ ಇಸವಿಯಲ್ಲಿ ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿನ ಹಿಂದೆ ಎ. ಟಿ. ಕೆ. ಎಂಬ ಮೂರು ಅಕ್ಷರಗಳು ಸೇರಿದಾಗ ಅದರ ಅಭಿಮಾನಿಗಳು ಸುಮ್ಮನಿರಲಿಲ್ಲ. ಬೀದಿಯಲ್ಲಿಯೂ ಗ್ಯಾಲರಿಯಲ್ಲಿಯೂ ಎಡೆಬಿಡದೆ ಕೇಳುತ್ತ ಬಂದರು. ೨೦೨೩ರಲ್ಲಿ ಆ ಅಕ್ಷರಗಳನ್ನು ತೆಗೆಯಲಾಯಿತು. ದೂರದವನು ಕೋಪಗೊಂಡರೆ ಆಟ ನೋಡುವುದನ್ನು ಬಿಡಬಲ್ಲನು. ಬಾಗಿಲಿನಲ್ಲಿ ನಿಂತು ಕೇಳುವುದಕ್ಕೆ ಬಾಗಿಲಿನ ಬಳಿಯೇ ಇರಬೇಕಾಗುತ್ತದೆ.

ಮೂರನೆಯದು ಎಲ್ಲಕ್ಕಿಂತಲೂ ದೊಡ್ಡದು. ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಸೇರುವ ಜನರು ಕಾಲಕ್ರಮದಲ್ಲಿ ಒಂದು ಸಮಾಜವಾಗುತ್ತಾರೆ. ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಕ್ಲಬ್ಬುಗಳ ಅಭಿಮಾನಿಗಳು ತಲೆಮಾರುಗಳಿಂದ ಎದುರಾಳಿಗಳು. ೨೦೨೪ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆ ನಗರದ ಒಂದು ಆಸ್ಪತ್ರೆಯಲ್ಲಿ ರಾತ್ರಿಯ ಕರ್ತವ್ಯದಲ್ಲಿದ್ದ ಯುವ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಅವಳನ್ನು ಕೊಂದರು. ಅದೇ ತಿಂಗಳ ೧೮ರಂದು ಈ ಎರಡು ಕ್ಲಬ್ಬುಗಳಿಗೂ ನಡೆಯತಕ್ಕ ಡ್ಯೂರಾಂಡ್ ಕಪ್ಪಿನ ಪಂದ್ಯವನ್ನು ಬಂದೋಬಸ್ತಿನ ಕಾರಣದಿಂದ ರದ್ದುಪಡಿಸಲಾಯಿತು. ಆಟವಿಲ್ಲದಿದ್ದರೂ ಜನರು ಬಂದರು. ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗೆ ಎರಡು ಕ್ಲಬ್ಬುಗಳವರೂ, ಅವರೊಂದಿಗೆ ಮೂರನೆಯ ಕ್ಲಬ್ಬಾದ ಮಹಮ್ಮಡನ್ ಸ್ಪೋರ್ಟಿಂಗಿನವರೂ, ಹೆಗಲಿಗೆ ಹೆಗಲು ಕೊಟ್ಟು ನಿಂತು, ತಾವು ಹೆಸರನ್ನೂ ಅರಿಯದ ಆ ಹೆಣ್ಣುಮಗಳಿಗಾಗಿ ನ್ಯಾಯವನ್ನು ಕೇಳಿದರು. ಬೇರೆ ಬೇರೆ ಮನೆಗಳಲ್ಲಿ ಕುಳಿತು ಒಂದೇ ಆಟವನ್ನು ನೋಡುವ ಲಕ್ಷ ಜನರಿಗೆ ಇಂಥ ಒಗ್ಗಟ್ಟು ಹೇಗೆ ಬಂದೀತು? ಎದುರಾಳಿಯ ಮುಖವನ್ನು ಕಂಡು ಪರಿಚಯವಿದ್ದವರಿಗೆ ಮಾತ್ರ ಆಪತ್ಕಾಲದಲ್ಲಿ ಅವನ ಪಕ್ಕದಲ್ಲಿ ನಿಲ್ಲುವುದು ತಿಳಿಯುತ್ತದೆ.

ಆದರೆ ಜನಜಂಗುಳಿಯ ಗುಣಗಳನ್ನೇ ಹಾಡಿ ದೋಷಗಳನ್ನು ಮುಚ್ಚಿಡುವುದು ಸರಿಯಲ್ಲ. ೧೯೮೦ನೆಯ ಇಸವಿ ಆಗಸ್ಟ್ ೧೬ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸಿನಲ್ಲಿ ಇದೇ ಎರಡು ಕ್ಲಬ್ಬುಗಳ ಪಂದ್ಯದ ವೇಳೆ ಗಲಭೆಯೆದ್ದು ಹದಿನಾರು ಮಂದಿ ಅಭಿಮಾನಿಗಳು ಸತ್ತರು. ೧೯೮೯ನೆಯ ಇಸವಿ ಏಪ್ರಿಲ್ ೧೫ರಂದು ಇಂಗ್ಲೆಂಡಿನ ಹಿಲ್ಸ್‌ಬರೋ ಮೈದಾನದಲ್ಲಿ ಲಿವರ್‌ಪೂಲಿನ ಅಭಿಮಾನಿಗಳು ಇಕ್ಕಟ್ಟಿನಲ್ಲಿ ಸಿಕ್ಕಿದರು. ಆ ದುರಂತಕ್ಕೆ ಬಲಿಯಾದವರ ಸಂಖ್ಯೆ ಕೊನೆಗೆ ತೊಂಬತ್ತೇಳಕ್ಕೇರಿತು. ಆಟವು ಬೇರೆಯಾದರೂ, ೨೦೨೫ನೆಯ ಇಸವಿ ಜೂನ್ ೪ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ ಕ್ರಿಕೆಟ್ಟಿನ ವಿಜಯೋತ್ಸವಕ್ಕೆ ಬಂದವರಲ್ಲಿ ಹನ್ನೊಂದು ಮಂದಿ ಕಾಲ್ತುಳಿತದಲ್ಲಿ ಮಡಿದದ್ದನ್ನು ಈ ನಾಡಿನವರು ಮರೆತಿಲ್ಲ. ಇವರೆಲ್ಲರೂ ಪ್ರೀತಿಯಿಂದ ಬಂದವರು, ಮನೆಯಲ್ಲಿದ್ದಿದ್ದರೆ ಬದುಕಿರುತ್ತಿದ್ದರು. ಹಾಗಾದರೆ ಮಕ್ಕಳನ್ನು ಮೈದಾನಕ್ಕೆ ಕಳುಹಿಸಬಾರದೇ ಎಂದು ತಂದೆತಾಯಿಗಳು ಕೇಳಬಹುದು. ಬಾವಿಯಲ್ಲಿ ಒಬ್ಬರು ಬಿದ್ದರೆಂದು ಊರಿನವರು ನೀರು ಕುಡಿಯುವುದನ್ನು ಬಿಡುವುದಿಲ್ಲ. ಬಾವಿಗೆ ಕಟ್ಟೆಯನ್ನು ಕಟ್ಟುತ್ತಾರೆ. ಅಗಲವಾದ ದ್ವಾರಗಳು, ಸ್ಥಳವಿದ್ದಷ್ಟೇ ಟಿಕೇಟುಗಳು, ಹೆಂಗಸರಿಗೆ ಶುಚಿಯಾದ ಶೌಚಾಲಯಗಳು, ಆಟ ಮುಗಿದ ಮೇಲೆ ಬೆಳಕುಳ್ಳ ರಸ್ತೆ ಮತ್ತು ಮನೆಗೆ ತಲಪಿಸುವ ಬಸ್ಸು, ಗ್ಯಾಲರಿಯಲ್ಲಿ ಹೊಲಸು ಮಾತನಾಡಿದವನನ್ನು ಹೊರಗೆ ಹಾಕುವ ಧೈರ್ಯ, ಇವೇ ಆ ಕಟ್ಟೆ. ಇವುಗಳನ್ನು ಕೇಳಿ ಪಡೆಯುವ ಅಧಿಕಾರವೂ ಬಂದವರದೇ. ಬಾರದವರಿಗಾಗಿ ಯಾರೂ ದೀಪವನ್ನು ಹಚ್ಚಿಸುವುದಿಲ್ಲ.

ಇನ್ನು ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ೨೦೧೮ನೆಯ ಇಸವಿ ಜೂನ್ ೧ರಂದು ಮುಂಬಯಿಯಲ್ಲಿ ಭಾರತದ ತಂಡವು ಚೈನೀಸ್ ತೈಪೆಯ ತಂಡವನ್ನು ಐದು ಗೋಲುಗಳಿಂದ ಸೋಲಿಸಿತು. ನಾಯಕನಾದ ಸುನಿಲ್ ಛೇತ್ರಿಯವರು ತಾವೊಬ್ಬರೇ ಮೂರು ಗೋಲುಗಳನ್ನು ಹೊಡೆದರು. ಕೋಟ್ಯಂತರ ಜನರಿರುವ ಮಹಾನಗರದಲ್ಲಿ ಆ ಆಟವನ್ನು ನೋಡಬಂದವರು ೨,೫೬೯ ಮಂದಿ. ಆಗ ನಮ್ಮ ಬೆಂಗಳೂರು ಎಫ್. ಸಿ. ಕ್ಲಬ್ಬಿಗೂ ನಾಯಕರಾಗಿದ್ದ ಛೇತ್ರಿಯವರು ಮರುದಿನವೇ ಜನರನ್ನು ಕುರಿತು ಒಂದು ವಿಜ್ಞಾಪನೆಯನ್ನು ಮಾಡಿದರು. ಯುರೋಪಿನ ಕ್ಲಬ್ಬುಗಳನ್ನು ಮೆಚ್ಚುವವರನ್ನು ಅವರು ನಿಂದಿಸಲಿಲ್ಲ. ನಮ್ಮ ಆಟವು ಆ ಮಟ್ಟದ್ದಲ್ಲವೆಂಬುದನ್ನು ಮುಚ್ಚಿಡಲೂ ಇಲ್ಲ. ನಮ್ಮನ್ನು ಬೈಯಿರಿ, ಟೀಕಿಸಿರಿ, ಆದರೆ ಮೈದಾನಕ್ಕೆ ಬಂದು ಮಾಡಿರಿ ಎಂಬುದೇ ಅವರ ಮಾತಿನ ಸಾರ. ಜೂನ್ ೪ರಂದು ಕೀನ್ಯಾದ ಮೇಲಿನ ಪಂದ್ಯಕ್ಕೆ ಟಿಕೇಟುಗಳೆಲ್ಲ ಮಾರಾಟವಾದವು. ಅದು ಛೇತ್ರಿಯವರ ನೂರನೆಯ ಪಂದ್ಯ. ಸುರಿಯುವ ಮಳೆಯಲ್ಲಿ ಜನರು ಕದಲದೆ ಕುಳಿತರು. ಭಾರತವು ಮೂರು ಗೋಲುಗಳಿಂದ ಗೆದ್ದಿತು. ಮೂರು ದಿವಸಗಳ ಅಂತರದಲ್ಲಿ ಆಟಗಾರರ ಯೋಗ್ಯತೆಯೇನೂ ಬದಲಾಗಿರಲಿಲ್ಲ. ಬದಲಾದದ್ದು ನೋಡುವವರ ಮನಸ್ಸು.

ದೂರದ ಬೆಟ್ಟ ನುಣ್ಣಗೆ ಎಂದು ನಮ್ಮ ಹಿರಿಯರು ಹೇಳಿದರು; ಹಿತ್ತಲ ಗಿಡ ಮದ್ದಲ್ಲ ಎಂದೂ ಹೇಳಿದರು. ಈ ಎರಡು ಗಾದೆಗಳು ಒಂದೇ ದೋಷದ ಎರಡು ಮುಖಗಳು. ನಮ್ಮ ಹಿತ್ತಲಿನಲ್ಲಿ ಗಿಡವಿಲ್ಲವೆಂದು ಹೇಳುವ ಹಾಗಿಲ್ಲ. ಬ್ಯಾಂಗಲೋರ್ ಮುಸ್ಲಿಮ್ಸ್ ಎಂಬ ಬೆಂಗಳೂರಿನ ತಂಡವು ೧೯೩೭ ಮತ್ತು ೧೯೩೮ನೆಯ ಇಸವಿಗಳಲ್ಲಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡು ಬಂದಿತ್ತು. ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನರು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಆಡಿ, ಮುಂದೆ ಈಸ್ಟ್ ಬೆಂಗಾಲಿನಲ್ಲಿ ಪಂಚಪಾಂಡವರೆಂದು ಪ್ರಖ್ಯಾತರಾದ ಐವರಲ್ಲಿ ಒಬ್ಬರಾದರು. ೨೦೧೩ರಲ್ಲಿ ಸ್ಥಾಪಿತವಾದ ಬೆಂಗಳೂರು ಎಫ್. ಸಿ. ತಾನು ಆಡಿದ ಪ್ರಥಮ ವರ್ಷದಲ್ಲಿಯೇ ಐ-ಲೀಗಿನಲ್ಲಿ ಅಗ್ರಸ್ಥಾನವನ್ನು ಪಡೆಯಿತು. ಆ ವರ್ಷ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮದ ಗ್ಯಾಲರಿಯಲ್ಲಿ ಸೇರಿ ಹಾಡುತ್ತಿದ್ದ ಯುವಕ ಯುವತಿಯರು ಆ ಗ್ಯಾಲರಿಯ ಹೆಸರನ್ನೇ ತಮ್ಮ ಕೂಟಕ್ಕೆ ಇಟ್ಟುಕೊಂಡರು. ಮಹಿಳೆಯರ ಪಂದ್ಯಾವಳಿಯಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡವು ೨೦೨೩ನೆಯ ಇಸವಿಯಲ್ಲಿ ದೇಶಕ್ಕೆ ಎರಡನೆಯದಾಗಿ ಬಂದಿತು. ಈ ಹುಡುಗಿಯರಲ್ಲಿ ಮೂವರ ಹೆಸರನ್ನು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ಇಲ್ಲಿನ ಆಟವು ಅಲ್ಲಿನಷ್ಟು ಚೆನ್ನಾಗಿಲ್ಲವಲ್ಲ, ಚೆನ್ನಾದದ್ದನ್ನು ನೋಡುವುದು ತಪ್ಪೇ ಎಂದು ಕೆಲವರು ಕೇಳುತ್ತಾರೆ. ತಪ್ಪಲ್ಲ. ಉತ್ತಮವಾದ ಸಂಗೀತವನ್ನು ಯಂತ್ರದಲ್ಲಿ ಕೇಳುವುದು ಹೇಗೆ ತಪ್ಪಲ್ಲವೋ ಹಾಗೆಯೇ ಇದೂ ತಪ್ಪಲ್ಲ. ಅದರಿಂದ ರುಚಿ ಬೆಳೆಯುತ್ತದೆ. ಆದರೆ ಊರಿನ ಮಗುವು ಹಾಡುವಾಗ ಯಾರೂ ಬಂದು ಕುಳ್ಳಿರದೆ, ಅವಳ ಶ್ರುತಿ ಸರಿಯಿಲ್ಲವೆಂದು ಮನೆಯಲ್ಲಿಯೇ ಹೇಳಿಕೊಳ್ಳುತ್ತಿದ್ದರೆ ಅವಳ ಶ್ರುತಿ ಎಂದು ಸರಿಯಾಗಬೇಕು? ಅಲ್ಲಿನ ಆಟವು ಅಷ್ಟು ಎತ್ತರಕ್ಕೆ ಬಂದದ್ದು, ಅದು ಇನ್ನೂ ಎತ್ತರದಲ್ಲಿ ಇಲ್ಲದಿದ್ದ ಕಾಲದಲ್ಲಿಯೂ ಆ ಊರುಗಳ ಗಿರಣಿಯ ಕೂಲಿಯವರೂ ಹಡಗುಕಟ್ಟೆಯ ಹಮಾಲರೂ ಶನಿವಾರ ಮಧ್ಯಾಹ್ನ ತಪ್ಪದೆ ಬಂದು ನಿಂತುದರಿಂದ. ಫಲವನ್ನು ಮೆಚ್ಚಿ ಬೇರನ್ನು ಮರೆಯುವುದು ವಿವೇಕವಲ್ಲ.

ಹೆಣ್ಣುಮಕ್ಕಳ ಶಾಲೆಯ ಈ ಸಂಚಿಕೆಯಲ್ಲಿ ಒಂದು ಹಳೆಯ ಕಥೆಯನ್ನು ಹೇಳದೆ ಮುಗಿಸಲಾಗದು. ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನಲ್ಲಿ, ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಸ್ತ್ರೀಯರು ಡಿಕ್, ಕರ್ ಲೇಡೀಸ್ ಎಂಬ ಕಾಲ್ಚೆಂಡಿನ ತಂಡವನ್ನು ಕಟ್ಟಿದರು. ೧೯೨೦ನೆಯ ಇಸವಿ ಕ್ರಿಸ್ಮಸ್ಸಿನ ಮರುದಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನದಲ್ಲಿ ಅವರು ಧರ್ಮಾರ್ಥವಾಗಿ ಆಡಿದ ಪಂದ್ಯಕ್ಕೆ ೫೩,೦೦೦ ಜನರು ಬಂದರು. ಸ್ಥಳವಿಲ್ಲದೆ ಹೊರಗುಳಿದವರು ಇನ್ನೂ ಹಲವು ಸಾವಿರ. ಒಂದು ವರ್ಷವೂ ತುಂಬಲಿಲ್ಲ. ೧೯೨೧ನೆಯ ಇಸವಿ ಡಿಸೆಂಬರ್ ೫ರಂದು ಅಲ್ಲಿನ ಫುಟ್‌ಬಾಲ್ ಆಡಳಿತ ಮಂಡಲಿಯವರು, ಈ ಆಟವು ಹೆಂಗಸರಿಗೆ ತಕ್ಕುದಲ್ಲವೆಂದು ನಿರ್ಣಯಿಸಿ, ಯಾವ ಕ್ಲಬ್ಬೂ ತನ್ನ ಮೈದಾನವನ್ನು ಅವರಿಗೆ ಕೊಡಬಾರದೆಂದು ಹೇಳಿದರು. ಈ ನಿರ್ಬಂಧವು ಸುಮಾರು ಅರ್ಧ ಶತಮಾನದವರೆಗೆ ಉಳಿಯಿತು. ಇಲ್ಲಿ ಗಮನಿಸತಕ್ಕ ವಿಷಯವೊಂದುಂಟು. ಆ ಮಂಡಲಿಯವರು ಸ್ತ್ರೀಯರಿಂದ ಚೆಂಡನ್ನು ಕಸಿದುಕೊಳ್ಳಲಿಲ್ಲ. ಜನರು ಅವರನ್ನು ಮೆಚ್ಚಬಾರದೆಂದು ಅಪ್ಪಣೆ ಮಾಡಲಿಲ್ಲ. ಅವರು ತೆಗೆದುಕೊಂಡದ್ದು ಜನರು ಬಂದು ಸೇರುವ ಮೈದಾನಗಳನ್ನು. ಮೆಚ್ಚುಗೆಯು ಮನಸ್ಸಿನಲ್ಲಿ ಎಷ್ಟೇ ಇದ್ದರೂ, ಬಂದು ಸೇರುವ ನೆಲವಿಲ್ಲದಿದ್ದರೆ ಆಟವು ಬಾಡುವುದೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಬಲವು ಎಲ್ಲಿದೆಯೆಂಬುದನ್ನು ನಮಗೆ ವಿರೋಧಿಗಳೇ ತೋರಿಸಿಕೊಟ್ಟರು. ಶತಮಾನವೊಂದು 	ಕಳೆದ ಮೇಲೆ, ೨೦೨೨ನೆಯ ಇಸವಿ ಏಪ್ರಿಲ್ ೨೨ರಂದು, ಬಾರ್ಸಿಲೋನಾದ ಮೈದಾನದಲ್ಲಿ ಸ್ತ್ರೀಯರ ಪಂದ್ಯವೊಂದಕ್ಕೆ ೯೧,೬೪೮ ಮಂದಿ ಬಂದರು. ಕಳೆದುಹೋದ ನೆಲವನ್ನು ಜನರು ಬಂದೇ ಮರಳಿ ಪಡೆಯಬೇಕಾಯಿತು.

ಆದದರಿಂದ, ಪ್ರಿಯ ಸೋದರಿಯರೇ, ದೂರದ ಕ್ಲಬ್ಬಿನ ಮೇಲಣ ನಿಮ್ಮ ಪ್ರೀತಿಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಆ ಪ್ರೀತಿಯು ನಿಮಗೆ ಭೂಗೋಳವನ್ನು ಕಲಿಸಿದೆ, ಸೋಲನ್ನು ಸಹಿಸುವುದನ್ನು ಕಲಿಸಿದೆ, ಆಟದ ಸೂಕ್ಷ್ಮಗಳನ್ನು ತಿಳಿಸಿದೆ. ಆ ವಿದ್ಯೆಯನ್ನು ಗಂಟುಕಟ್ಟಿ ಇಡದೆ ಹತ್ತಿರದಲ್ಲಿ ವೆಚ್ಚಮಾಡಿರಿ. ತೆರೆಯ ಮೇಲೆ ಹತ್ತು ಆಟಗಳನ್ನು ನೋಡಿದವಳು ಒಂದಕ್ಕಾದರೂ ನಡೆದುಹೋಗಲಿ. ನಿಮ್ಮ ಊರಿನಲ್ಲಿ ದೊಡ್ಡ ಕ್ಲಬ್ಬು ಇಲ್ಲದಿದ್ದರೆ ಜಿಲ್ಲೆಯ ತಂಡವಿದೆ. ಅದೂ ಇಲ್ಲದಿದ್ದರೆ ಶಾಲೆಯ ತಂಡವಂತೂ ಇದೆ. ಪಕ್ಕದ ಬೆಂಚಿನ ಗೆಳತಿಯು ಮಣ್ಣಿನ ಬಯಲಿನಲ್ಲಿ ಚೆಂಡಿನ ಹಿಂದೆ ಓಡುವಾಗ ಗೆರೆಯ ಅಂಚಿನಲ್ಲಿ ಅವಳ ಹೆಸರು ಹಿಡಿದು ಕೂಗುವವರು ನಾಲ್ಕು ಮಂದಿ ಇದ್ದರೆ ಅವಳ ಓಟವೇ ಬೇರೆಯಾಗುವುದು. ತಂದೆತಾಯಿಗಳೂ ಮಗಳನ್ನು ತಡೆಯುವುದಕ್ಕೆ ಬದಲಾಗಿ ಅವಳೊಂದಿಗೆ ತಾವೂ ಬರಲಿ. ಮನೆಯವರು ಕುಳಿತಿರುವ ಗ್ಯಾಲರಿಯಲ್ಲಿ ಪುಂಡರ ಬಾಯಿ ತಾನಾಗಿಯೇ ಮುಚ್ಚುತ್ತದೆ.

ಲಿವರ್‌ಪೂಲಿನ ಮೈದಾನದಲ್ಲಿ ನಿಮ್ಮ ಸ್ಥಳವು ಬರಿದಾಗಿದ್ದರೆ ಅದನ್ನು ತುಂಬುವುದಕ್ಕೆ ಸಾವಿರ ಜನರು ಕಾದಿದ್ದಾರೆ. ಇಲ್ಲಿನ ಗ್ಯಾಲರಿಯಲ್ಲಿ ನಿಮ್ಮ ಸ್ಥಳವನ್ನು ತುಂಬುವವರು ನಿಮ್ಮ ಹೊರತು ಮತ್ತಾರೂ ಇಲ್ಲ.